ಆಯಿಲ್ ಅಡಿಟಿವ್ ಮಾರುವವರ ಮಶೀನ್ ಡೆಮೊ ನಂಬಬಹುದಾ?

ಬೈತಖೋಲ ಬಂದರಿನಲ್ಲಿ ಒಬ್ಬರು ಪುಟ್ಟ ಮಶೀನ್ ಇಟ್ಟುಕೊಂಡು ಡೆಮೊ ಮಾಡಿದರು, ಸಾದಾ ಆಯಿಲ್‌ನಲ್ಲಿ ತಿರುಗುವ ರಿಂಗ್ ಕಿರುಗುಟ್ಟಿ ನಿಂತಿತು, ಅವರ ಅಡಿಟಿವ್ (ಆಯಿಲ್‌ಗೆ ಬೆರೆಸುವ ರಾಸಾಯನಿಕ) ಹಾಕಿದ ಮೇಲೆ ಎಷ್ಟು ಒತ್ತಿದರೂ ನಿಲ್ಲಲಿಲ್ಲ, ಬೋಟಿಗೆ ಹಾಕಬಹುದಾ ಅಂತ ಕೇಳಿದ್ದೀರಿ. ನಾನಾದರೆ ಹಾಕುವುದಿಲ್ಲ. ಮೊದಲು ಆಯಿಲ್ ಟೆಸ್ಟಿಂಗ್ ಲ್ಯಾಬಿನಲ್ಲಿದ್ದೆ, ಈಗ ಕಾರವಾರದಲ್ಲಿ ಬೋಟುಗಳ ವಿಂಚ್ (ಹಗ್ಗ ಸುತ್ತಿ ಎಳೆಯುವ ಯಂತ್ರ), ಗೇರ್‌ಬಾಕ್ಸ್ ರಿಪೇರಿ ಮಾಡುತ್ತೇನೆ.

ಡೆಮೊ ಸುಳ್ಳೇ ಆಗಿರಬೇಕಂತಿಲ್ಲ. ತಿರುಗುವ ಉಕ್ಕಿನ ರಿಂಗಿಗೆ ಉಕ್ಕಿನ ತುಂಡು ಒತ್ತಿ ನೋಡುವ ಟಿಮ್ಕೆನ್ ಅನ್ನುವ ಲ್ಯಾಬ್ ಟೆಸ್ಟಿನ ಬಡ ತಮ್ಮ ಅದು. ವಿಪರೀತ ಒತ್ತಡದಲ್ಲಿ ಲೋಹಕ್ಕೆ ಲೋಹ ಕಚ್ಚಿಕೊಳ್ಳುತ್ತದೋ ಇಲ್ಲವೋ, ಅಷ್ಟೇ ಅದರಲ್ಲಿ ಗೊತ್ತಾಗುವುದು. ಕ್ಲೋರಿನ್ ಇರುವ ಅಡಿಟಿವ್ ಇಂಥ ಕಡೆ ಸಲೀಸಾಗಿ ಗೆಲ್ಲುತ್ತದೆ. ಆದರೆ ಬಿಸಿ ಮತ್ತು ನೀರು ಸೇರಿದರೆ ಅದೇ ಕ್ಲೋರಿನ್ ಆಸಿಡ್ ಆಗಬಹುದು. ಬೋಟಿನಲ್ಲಿ ನೀರಿಗೆ ಬರವೇ?

ಲ್ಯಾಬಿನಲ್ಲಿ ಮೊದಲು ಮಾಡುವುದು ಫೋರ್ ಬಾಲ್ ಟೆಸ್ಟ್. ಅರ್ಧ ಇಂಚಿನ ಮೂರು ಉಕ್ಕಿನ ಗುಂಡುಗಳನ್ನು ಬಟ್ಟಲಿನಲ್ಲಿ ಬಿಗಿದು, ಮುಳುಗುವಷ್ಟು ಆಯಿಲ್ ಹಾಕುತ್ತಾರೆ. ನಾಲ್ಕನೆಯದು ಅವುಗಳ ಮೇಲೆ ಕೂತು ತಿರುಗುತ್ತದೆ. ಟೆಸ್ಟಿನ ನಿಯಮ ಬರೆಯುವ ಎಎಸ್‌ಟಿಎಂ ಸಂಸ್ಥೆಯ ಡಿ4172 ವಿಧಾನದ ಪ್ರಕಾರ 75 ಡಿಗ್ರಿ ಬಿಸಿ, 1200 ಆರ್‌ಪಿಎಂ, ಒಂದು ಗಂಟೆ. ಭಾರ 15 ಇಲ್ಲವೇ 40 ಕೆಜಿ. ಆಮೇಲೆ ಕೆಳಗಿನ ಗುಂಡುಗಳನ್ನು ಒರೆಸಿ ಮೈಕ್ರೊಸ್ಕೋಪಿನಲ್ಲಿ ನೋಡಿದರೆ ಪ್ರತಿಯೊಂದರಲ್ಲೂ ಗೀರುಗೀರಾದ ಸಣ್ಣ ದುಂಡು ಕಲೆ. ಅದರ ಅಗಲ ಕಡಿಮೆ ಇದ್ದಷ್ಟೂ ಸವೆತ ಕಡಿಮೆ.

ಇನ್ನೊಂದು ಬಗೆಯಲ್ಲಿ ಹತ್ತೇ ಸೆಕೆಂಡ್ ಓಡಿಸಿ, ಪ್ರತಿ ಸಲ ಹೊಸ ಗುಂಡು ಹಾಕಿ, ಭಾರ ಏರಿಸುತ್ತಾ ಹೋಗುತ್ತಾರೆ. ಕೊನೆಗೆ ನಾಲ್ಕೂ ಬೆಸೆದು ಒಂದಾಗುತ್ತವೆ. ಇಲ್ಲಿ ಬೆಸೆದಾಗಿನ ಭಾರದ ಅಂಕಿ ಜಾಸ್ತಿ ಇದ್ದರೆ ಒಳ್ಳೆಯದು. ಇದರಲ್ಲಿ ಗೆದ್ದ ಆಯಿಲ್ ಒಂದು ಗಂಟೆಯ ಟೆಸ್ಟಿನಲ್ಲಿ ದೊಡ್ಡ ಕಲೆ ಬಿಡುವುದೂ ಉಂಟು. ಮಾರುವವರು ತಮಗೆ ಬೇಕಾದ ಅಂಕಿಯನ್ನಷ್ಟೇ ತೋರಿಸುತ್ತಾರೆ, ಅಲ್ವಾ?

ತಿರುಗುವ ತಟ್ಟೆಗೆ ಪಿನ್ ಒತ್ತಿ ಸವೆತ ನೋಡುವ ಪಿನ್ ಆನ್ ಡಿಸ್ಕ್, ಗೇರಿಗೆ ಎಫ್‌ಜೆಡ್‌ಜಿ ಅಂತ ಇನ್ನೂ ಟೆಸ್ಟುಗಳಿವೆ. ಎಫ್‌ಜೆಡ್‌ಜಿಯಲ್ಲಿ ನಿಜವಾದ ಗೇರುಗಳನ್ನೇ ಓಡಿಸುವುದರಿಂದ ಗೇರ್‌ಬಾಕ್ಸಿನ ಮಟ್ಟಿಗೆ ನನಗೆ ಅದರ ಮೇಲೆ ನಂಬಿಕೆ ಹೆಚ್ಚು.

ನೀವು ಅವರ ಹತ್ತಿರ ಕಾಪರ್ ಸ್ಟ್ರಿಪ್ ಟೆಸ್ಟಿನ ರಿಪೋರ್ಟನ್ನೂ ಕೇಳಿ. ಉಜ್ಜಿ ಹೊಳಪು ಮಾಡಿದ ತಾಮ್ರದ ಪಟ್ಟಿಯನ್ನು ಬಿಸಿ ಆಯಿಲ್‌ನಲ್ಲಿ ಮುಳುಗಿಸಿಟ್ಟು ಬಣ್ಣ ನೋಡುವುದು, ಅಷ್ಟೇ. 1ಎ ಅಂದರೆ ಹೊಳಪು ಹೆಚ್ಚುಕಡಿಮೆ ಹಾಗೇ ಇದೆ, 4ಸಿ ಅಂದರೆ ಕಪ್ಪಾಗಿ ಹಾಳಾಗಿದೆ. ಕಂಚಿನಲ್ಲಿ ತಾಮ್ರ ಇರುವುದರಿಂದ ವಿಂಚಿನಲ್ಲಿ ಕಂಚಿನ ಗೇರ್ ಅಥವಾ ಬುಶ್ ಇದ್ದರೆ ಇದು ಬೇಕೇಬೇಕು. ರಿಪೋರ್ಟ್ ಸಿಕ್ಕರೆ ಫೋಟೊ ತೆಗೆದು ಇಲ್ಲೇ ಹಾಕಿ, ನೋಡಿ ಹೇಳುತ್ತೇನೆ. ಅಲ್ಲಿವರೆಗೆ ಇಂಜಿನ್ ಕಂಪನಿ ಹೇಳಿದ ಗ್ರೇಡಿನ ಆಯಿಲ್ಲೇ ಸಾಕು.