ಅನುವಾದ ಆ್ಯಪ್ ಇರುವಾಗ ಜರ್ಮನ್ ಕಲಿಯಬೇಕೇ?

ಪ್ರಶ್ನೆ: ಮಗಳು ಬಿ.ಎಸ್ಸಿ. ನರ್ಸಿಂಗ್ ಮುಗಿಸಿ ಜರ್ಮನಿಗೆ ಹೊರಟಿದ್ದಾಳೆ. ಬಿ2 ಮಟ್ಟದ ಜರ್ಮನ್ ಬೇಕಂತೆ. ಫೋನೇ ಕ್ಷಣದಲ್ಲಿ ಅನುವಾದಿಸುವಾಗ ಅಷ್ಟು ಕಾಲ, ದುಡ್ಡು ಸುರಿಯುವುದು ದಂಡವಲ್ಲವೇ?
– ಓದುಗರೊಬ್ಬರು, ಶಿವಮೊಗ್ಗ

ಉತ್ತರ: ಖಂಡಿತ ದಂಡವಲ್ಲ. ಅಲ್ಲಿ ನರ್ಸ್ ಎಂದು ಪೂರ್ಣ ಮಾನ್ಯತೆ ಸಿಗಲು ಸಾಮಾನ್ಯವಾಗಿ ಬಿ2 (ಎ1ರಿಂದ ಸಿ2ವರೆಗಿನ ಆರು ಭಾಷಾ ಮಟ್ಟಗಳಲ್ಲಿ ನಾಲ್ಕನೆಯದು) ಪ್ರಮಾಣಪತ್ರ ಬೇಕೇ ಬೇಕು. ಅದಕ್ಕಿಂತ ದೊಡ್ಡ ಕಾರಣ ವಾರ್ಡಿನಲ್ಲಿದೆ.

ಡಾಕ್ಟರು 'ವೀರ್ ಝೆಟ್ಸನ್ ಡಾಸ್ ಮೆಡಿಕಮೆಂಟ್ ಆಪ್' ಎಂದರೆ ಆ ಔಷಧಿ ನಿಲ್ಲಿಸುತ್ತೇವೆ ಎಂದರ್ಥ. ಕೊನೆಯ 'ಆಪ್' ಜಾಗದಲ್ಲಿ 'ಆನ್' ಬಂದರೆ ಅದೇ ಔಷಧಿ ಶುರು! ಟ್ರಾಲಿಯ ಸದ್ದಿನಲ್ಲಿ ಫೋನಿನ ಮೈಕಿಗೆ ಆ ಒಂದು ತುಣುಕು ತಪ್ಪಿ ಕೇಳಿಸಿದರೂ ಆ್ಯಪ್ ಅನುಮಾನ ತೋರದೆ ನಯವಾದ ವಾಕ್ಯ ಕೊಡುತ್ತದೆ. ಭಾಷೆ ಗೊತ್ತಿದ್ದವಳು 'ಇನ್ನೊಮ್ಮೆ ಹೇಳಿ' ಎಂದು ಕೇಳುತ್ತಾಳೆ. 'ನ್ಯುಷ್ಟರ್ನ್' ಎಂಬ ಪದಕ್ಕೆ ಅಮಲಿಲ್ಲದ ಎಂಬ ಅರ್ಥವೂ ಇದೆ, ಖಾಲಿ ಹೊಟ್ಟೆಯ ಎಂಬ ಅರ್ಥವೂ ಇದೆ. ಆಪರೇಷನ್ನಿನ ಬೆಳಿಗ್ಗೆ ಕೇಳುವುದು ಎರಡನೆಯದನ್ನು. ಸಂಖ್ಯೆಯೂ ತಿರುಗುಮುರುಗು: 85 ಅನ್ನು 'ಐದು ಮತ್ತು ಎಂಬತ್ತು' ಎನ್ನುತ್ತಾರೆ. ಕಿವಿ ಪಳಗದಿದ್ದರೆ ಕೈ 58 ಎಂದು ಬರೆದುಬಿಡುತ್ತದೆ. ಚೀಟಿಯಲ್ಲಿ 1,5 ಎಂದಿದ್ದರೆ ಒಂದೂವರೆ. ಅಲ್ಲಿ ದಶಮಾಂಶಕ್ಕೆ ಅಲ್ಪವಿರಾಮ.

ಕನ್ನಡದವರಿಗೆ ಒಂದು ಅನುಕೂಲವೂ ಇದೆ. ಅವರ 'ಝೀ', 'ಡೂ' ನಮ್ಮ ನೀವು, ನೀನು ಇದ್ದ ಹಾಗೆ. ಆ್ಯಪ್ ಇಂಗ್ಲಿಷಿನ ಮೂಲಕ ಅನುವಾದಿಸಿದರೆ ಈ ಭೇದ ಅಳಿಸಿಹೋಗಿ ಎಂಬತ್ತರ ಅಜ್ಜಿಯನ್ನು ಏಕವಚನದಲ್ಲಿ ಕರೆದಂತಾಗಬಹುದು.

ಜರ್ಮನ್ ಕಲಿಸಿ ಪರೀಕ್ಷೆ ನಡೆಸುವ ಗ್ಯೋಥೆ ಇನ್‌ಸ್ಟಿಟ್ಯೂಟಿನ ಲೆಕ್ಕದಲ್ಲಿ ಬಿ2 ತಲುಪಲು 45 ನಿಮಿಷದ 600ರಿಂದ 800 ಪಾಠ ಬೇಕು. ಅವರ ಪರೀಕ್ಷೆಯಲ್ಲಿ ಓದು, ಆಲಿಕೆ, ಬರಹ, ಮಾತು ಎಂಬ ನಾಲ್ಕು ಭಾಗ. ಪ್ರತಿಯೊಂದರಲ್ಲೂ 100ಕ್ಕೆ 60 ಬರಬೇಕು. ಒಂದರಲ್ಲಿ ತಪ್ಪಿದರೆ ಅದನ್ನಷ್ಟೇ ಮತ್ತೆ ಬರೆಯಬಹುದು.

ಆ್ಯಪ್ ಬಿಡಬೇಕಿಲ್ಲ. ಬಾಡಿಗೆ ಕರಾರು, ಕಚೇರಿ ಪತ್ರಗಳನ್ನು ಮೊದಲ ಸಲ ಓದಿಕೊಳ್ಳಲು ಸಾಕು. ರೋಗಿಯ ವಿವರವನ್ನು ಮಾತ್ರ ಸ್ವಂತ ಫೋನಿನ ಆ್ಯಪ್‌ಗೆ ಹಾಕಕೂಡದು, ಗೌಪ್ಯತೆಯ ಕಾನೂನು ಅಲ್ಲಿ ಬಿಗಿ. ಕಲಿಯುವಾಗ ಮೊದಲು ತಾನೇ ಐದು ಸಾಲು ಜರ್ಮನ್ ಬರೆಯಲಿ, ಆಮೇಲೆ ಕನ್ನಡಕ್ಕೆ ತಿರುಗಿಸಿ ನೋಡಲಿ. ಕನ್ನಡ ಟೈಪ್ ಮಾಡಿ ಬಂದ ಜರ್ಮನ್ ನಕಲು ಮಾಡಿದರೆ ತಲೆಯಲ್ಲಿ ಏನೂ ನಿಲ್ಲುವುದಿಲ್ಲ. ದಿನಾ ಫೋನಿನಿಂದಲೇ ಇಪ್ಪತ್ತು ಸಂಖ್ಯೆ ಓದಿಸಿ, ಕೇಳಿದ ಕೂಡಲೇ ಬರೆಯುವ ಅಭ್ಯಾಸ ಇವತ್ತಿನಿಂದಲೇ ಶುರುವಾಗಲಿ.