ನಕ್ಷೆ ಹುಡುಗರ ಕೈಯಲ್ಲಿರಲಿ

(ಪತ್ರದ ಸಾರ: ಅಮೆರಿಕದ ವಾಷಿಂಗ್ಟನ್ ರಾಜ್ಯದ ರೆಂಟನ್‌ನಲ್ಲಿ ನೆಲೆಸಿರುವ ಕನ್ನಡಿಗರೊಬ್ಬರು ಬರೆದಿದ್ದಾರೆ. ಅಲ್ಲಿನ ಯುವಜನ ಸಂಸ್ಥೆಯೊಂದು 14ರಿಂದ 17 ವಯಸ್ಸಿನ ಹತ್ತು ಹುಡುಗರನ್ನು ಜುಲೈನಲ್ಲಿ ರಾಸ್ ಲೇಕ್ ದಂಡೆಗೆ ಆರು ದಿನಗಳ ಚಾರಣಕ್ಕೆ ಕರೆದೊಯ್ಯಲಿದೆ. ಹುಡುಗರು ಕಪ್ಪು, ಲ್ಯಾಟಿನೊ, ಸೊಮಾಲಿ ಮತ್ತು ಸಮೋವಾ ಮೂಲದ ಮನೆಗಳವರು. ಜೊತೆಗೆ ಹೋಗುವ ಇಬ್ಬರು ಹಿರಿಯರಲ್ಲಿ ಇವರೂ ಒಬ್ಬರು. ಬಿಳಿಯರಲ್ಲದ ಹುಡುಗರಿಗೆಂದೇ ಬೇರೆ ಚಾರಣ ಏಕೆ, ಆರು ದಿನಕ್ಕೆ ನಾಯಕತ್ವ ಬರುತ್ತದೆಯೇ, ಕುಮಾರಪರ್ವತ ಹತ್ತಿದ ತಮ್ಮ ಅನುಭವ ಇದಕ್ಕೆ ಸಾಕೇ ಎಂದು ಕೇಳಿದ್ದಾರೆ.)

ಮಾನ್ಯರೇ,

ಮೊದಲ ಪ್ರಶ್ನೆಗೆ ಉತ್ತರ ಚರಿತ್ರೆಯಲ್ಲಿದೆ. ಅಮೆರಿಕದ ಕಾಡುಮೇಡು ಎಲ್ಲರಿಗೂ ಒಂದೇ ರೀತಿ ತೆರೆದಿರಲಿಲ್ಲ. ವರ್ಜೀನಿಯಾದ ಶೆನಾಂಡೋವಾ ರಾಷ್ಟ್ರೀಯ ಉದ್ಯಾನದಲ್ಲಿ 1939ರಲ್ಲಿ ಕಪ್ಪು ಜನರಿಗೆಂದೇ ಲೂಯಿಸ್ ಮೌಂಟನ್ ಎಂಬ ಪ್ರತ್ಯೇಕ ಶಿಬಿರತಾಣ ತೆರೆದರು. ಸಾರ್ವಜನಿಕ ಈಜುಕೊಳಕ್ಕೆ ಕಪ್ಪು ಮಕ್ಕಳನ್ನು ಬಿಡಬೇಕಾಗಿ ಬಂದಾಗ ಕೊಳವನ್ನೇ ಮುಚ್ಚಿದ ಊರುಗಳಿವೆ. ಅಜ್ಜ ಈಜು ಕಲಿಯಲಿಲ್ಲ, ಅಪ್ಪನಿಗೆ ಕಲಿಸಲಿಲ್ಲ, ಮಗ ನೀರಿಗೆ ಹೆದರುತ್ತಾನೆ. ಕಾಡೆಂದರೆ ಗುಂಪು ಕಟ್ಟಿಕೊಂಡು ಬಂದವರು ಮನುಷ್ಯರನ್ನು ಮರಕ್ಕೆ ನೇತುಹಾಕಿದ ಜಾಗವೆಂಬ ನೆನಪು ಎಷ್ಟೋ ಮನೆಗಳಲ್ಲಿ ಇನ್ನೂ ಇದೆ. ಅದೂ ಸಾಲದೆಂಬಂತೆ 2020ರ ಫೆಬ್ರವರಿಯಲ್ಲಿ ಜಾರ್ಜಿಯಾದಲ್ಲಿ ಓಡಲು ಹೊರಟಿದ್ದ ಅಹ್ಮದ್ ಆರ್ಬೆರಿ ಎಂಬ ಕಪ್ಪು ಯುವಕನನ್ನು ಬಿಳಿಯರು ಬೆನ್ನಟ್ಟಿ ಕೊಂದರು. ಹದಿನಾರರ ಹುಡುಗನ ತಾಯಿ “ಕಾಡಿನಲ್ಲಿ ನಿನಗೇನು ಕೆಲಸ?” ಎಂದು ಕೇಳಿದರೆ ಅದು ಅಜ್ಞಾನದ ಮಾತಲ್ಲ.

ಇನ್ನೊಂದು ಚರಿತ್ರೆಯೂ ಇದೆ, ಅದನ್ನು ಹುಡುಗರಿಗೆ ತಪ್ಪದೆ ಹೇಳಿ. ರಾಷ್ಟ್ರೀಯ ಉದ್ಯಾನ ಇಲಾಖೆ ಹುಟ್ಟಿದ್ದು 1916ರಲ್ಲಿ. ಅದಕ್ಕೂ ಮೊದಲು, 1899, 1903 ಮತ್ತು 1904ರಲ್ಲಿ, ಕ್ಯಾಲಿಫೋರ್ನಿಯಾದ ಯೊಸೆಮಿಟಿ ಮತ್ತು ಸಿಕ್ವೋಯಾ ಕಾಡುಗಳನ್ನು ಕಾಯ್ದವರಲ್ಲಿ ಬಫಲೊ ಸೋಲ್ಜರ್ಸ್ ಎಂದು ಹೆಸರಾದ ಕಪ್ಪು ಸೈನಿಕರಿದ್ದರು. 1903ರಲ್ಲಿ ಸಿಕ್ವೋಯಾದ ಉಸ್ತುವಾರಿ ಹೊತ್ತವರು ಕಪ್ಪು ಸೇನಾಧಿಕಾರಿ ಕ್ಯಾಪ್ಟನ್ ಚಾರ್ಲ್ಸ್ ಯಂಗ್. ಅಲ್ಲಿನ ಜಯಂಟ್ ಫಾರೆಸ್ಟ್ ಎಂಬ ದೈತ್ಯ ಮರಗಳ ತೋಪಿನ ತನಕ ಗಾಡಿರಸ್ತೆ ಪೂರ್ತಿಯಾದದ್ದು ಅವರ ಸೈನಿಕರ ಕೈಯಲ್ಲಿ. ನೀವು ಈ ಹುಡುಗರನ್ನು ಅವರದಲ್ಲದ ಜಾಗಕ್ಕೆ ಅತಿಥಿಗಳಾಗಿ ಕರೆದೊಯ್ಯುತ್ತಿಲ್ಲ.

ಬೇರೆ ಗುಂಪು ಏಕೆಂದರೆ, ಎಲ್ಲರ ನಡುವೆ ತಾನೊಬ್ಬನೇ ಕಪ್ಪು ಹುಡುಗನಾಗಿದ್ದಾಗ ಅರ್ಧ ಶಕ್ತಿ ತನ್ನ ಮೇಲಿನ ಕಣ್ಣುಗಳನ್ನು ಗಮನಿಸುವುದರಲ್ಲೇ ಹೋಗುತ್ತದೆ. ತನ್ನಂಥವರ ನಡುವೆ ಅವನು ತಪ್ಪು ಮಾಡಬಲ್ಲ, ಹೆದರಿಕೆ ಆಯಿತೆಂದು ಬಾಯಿಬಿಟ್ಟು ಹೇಳಬಲ್ಲ. ಕಲಿಕೆ ಶುರುವಾಗುವುದು ಅಲ್ಲಿಂದ.

ಈಗ ಏರ್ಪಾಡಿಗೆ ಬರೋಣ. ಹತ್ತು ಹುಡುಗರು, ಇಬ್ಬರು ಹಿರಿಯರು ಎಂಬ ಲೆಕ್ಕ ನಮಗೆ ಒಪ್ಪಿಗೆಯಿಲ್ಲ. ಅಲ್ಲಿ ಒಂದು ತಂಡಕ್ಕೆ 12 ಜನರ ಮಿತಿಯಿದೆ, ಆದ್ದರಿಂದ ಒಂಬತ್ತು ಹುಡುಗರು ಮತ್ತು ಮೂವರು ಹಿರಿಯರಿರಲಿ. ಒಬ್ಬ ಹುಡುಗನ ಕಾಲು ಉಳುಕಿತೆನ್ನಿ. ಒಬ್ಬ ಹಿರಿಯ ಒಬ್ಬನೇ ಹುಡುಗನ ಜೊತೆ ಇರಬಾರದೆಂಬುದು ಇಂಥ ಸಂಸ್ಥೆಗಳ ಮೊದಲ ನಿಯಮ. ಹಾಗಾಗಿ ಅವನನ್ನು ಹೊರಗೆ ತಲುಪಿಸಲು ಇಬ್ಬರು ಹಿರಿಯರು ಹೋಗಬೇಕು. ನೀವಿರುವುದೇ ಇಬ್ಬರಾದರೆ ಇಡೀ ತಂಡ ಹಿಂತಿರುಗಬೇಕಾಗುತ್ತದೆ. ಬಿಟ್ಟುಹೋದ ಹತ್ತನೆಯವನನ್ನು ಮರೆಯಬೇಡಿ, ಮುಂದಿನ ತಂಡದಲ್ಲಿ ಅವನ ಹೆಸರು ಮೊದಲಿಗೆ ಬರೆಯಿರಿ.

ದಾರಿಯ ಆಯ್ಕೆ ಚೆನ್ನಾಗಿದೆ. ರಾಸ್ ಲೇಕ್ ಸಮುದ್ರಮಟ್ಟದಿಂದ ಸುಮಾರು 490 ಮೀಟರ್ ಎತ್ತರದಲ್ಲಿದೆ. ಜುಲೈನಲ್ಲಿ ಮೇಲಿನ ಕಣಿವೆಗಳಲ್ಲಿ ಹಿಮ ಉಳಿದಿದ್ದರೂ ಪೂರ್ವ ದಂಡೆಯ ದಾರಿಯಲ್ಲಿ ಆ ತೊಂದರೆ ಇರುವುದಿಲ್ಲ. ಉತ್ತರಕ್ಕೆ ನಡೆಯುವಾಗ ಸರೋವರ ಎಡಗಡೆಗೇ ಇರುತ್ತದೆ, ಹೊಸಬರ ಕೈಗೆ ನಕ್ಷೆ ಕೊಡಲು ಇದಕ್ಕಿಂತ ಅನುಕೂಲದ ಜಾಗ ಸಿಗುವುದು ಕಷ್ಟ. ತುರ್ತಾದರೆ ರಾಸ್ ಲೇಕ್ ರೆಸಾರ್ಟ್‌ನ ದೋಣಿ ಇದೆ. ಪರ್ಮಿಟ್ ಕೊಡುವುದು ಮಾರ್ಬಲ್‌ಮೌಂಟ್‌ನ ಕಚೇರಿಯಲ್ಲಿ. ಇಡೀ ತಂಡವನ್ನು ಒಳಗೆ ಕರೆದೊಯ್ದು ರೇಂಜರ್ ಜೊತೆ ಮಾತನಾಡಿಸಿ. ಸಮವಸ್ತ್ರ, ಸೊಂಟದ ಪಟ್ಟಿ, ಬ್ಯಾಡ್ಜು ಕಂಡರೆ ಈ ಹುಡುಗರಿಗೆ ಪೊಲೀಸ್ ನೆನಪಾಗುತ್ತದೆ. ಹೆಸರು ಹಿಡಿದು ಮಾತನಾಡಿದ ರೇಂಜರ್ ನಾಲ್ಕನೇ ದಿನ ದಾರಿಯಲ್ಲಿ ಎದುರಾದರೆ ಯಾರೂ ಬೆಚ್ಚುವುದಿಲ್ಲ.

ಇಂಥ ಚಾರಣಗಳು ಕೆಡುವುದು ಹೆಚ್ಚಾಗಿ ಬೂಟಿನಿಂದ. ಹೊರಡುವ ದಿನ ಹೊಸ ಬೂಟು ಹಂಚಿದರೆ ಎರಡನೇ ದಿನ ಅರ್ಧ ತಂಡದ ಹಿಮ್ಮಡಿಯಲ್ಲಿ ನೀರ್ಗುಳ್ಳೆ. ಆರು ವಾರ ಮೊದಲೇ ಕೊಡಿ, ಶಾಲೆಗೂ ಅದನ್ನೇ ಹಾಕಿಕೊಂಡು ಹೋಗಲಿ. ಸಂಜೆ, ಪಾದ ಸ್ವಲ್ಪ ಊದಿರುವ ಹೊತ್ತಿನಲ್ಲಿ ಅಳತೆ ನೋಡಿ, ಮುಂದೆ ಹೆಬ್ಬೆರಳಗಲ ಜಾಗವಿರಲಿ. ನಡೆಯುವಾಗ ಎಲ್ಲಾದರೂ ಬಿಸಿಯಾಗಿ ಉಜ್ಜಿದಂತಾದರೆ ಆ ಕ್ಷಣವೇ ನಿಲ್ಲಿಸಿ ಟೇಪು ಹಚ್ಚಬೇಕು. “ಗಂಡುಹುಡುಗ, ತಡ್ಕೋ” ಎಂಬ ಮಾತು ಬೇಡ, ಮರೆಮಾಚಿದ ಗುಳ್ಳೆ ಒಡೆದು ಕೀವಾಗುತ್ತದೆ.

ಬಟ್ಟೆಯಲ್ಲಿ ಹತ್ತಿ ಮತ್ತು ಜೀನ್ಸ್ ಬೇಡ. ಒದ್ದೆಯಾದ ಹತ್ತಿ ಮೈಯ ಶಾಖ ಎಳೆದುಬಿಡುತ್ತದೆ. ಮಳೆ ಗಾಳಿ ಜೊತೆಯಾದರೆ 10 ಡಿಗ್ರಿ ಸೆಲ್ಸಿಯಸ್‌ನಲ್ಲೂ ಮೈ ಅಪಾಯಕರವಾಗಿ ತಣ್ಣಗಾಗಬಹುದು. ಮಳೆಯಂಗಿ, ಫ್ಲೀಸ್, ಉಣ್ಣೆಯ ಕಾಲುಚೀಲ ಎರಡು ಜೊತೆ, ಮಲಗಲಿಕ್ಕೆಂದೇ ಒಂದು ಜೊತೆ. ಬೆನ್ನುಚೀಲದ ತೂಕ ಹುಡುಗನ ತೂಕದ ಐದನೇ ಒಂದು ಭಾಗ, ಹೆಚ್ಚೆಂದರೆ ಕಾಲುಭಾಗ: 60 ಕಿಲೋ ಹುಡುಗನಿಗೆ 12ರಿಂದ 15 ಕಿಲೋ. ವಾಷಿಂಗ್ಟನ್ ಟ್ರೇಲ್ಸ್ ಅಸೋಸಿಯೇಶನ್ ಯುವಜನ ಸಂಸ್ಥೆಯವರಿಗೆ ತರಬೇತಿ ಕೊಟ್ಟು ಸಾಮಾನುಗಳನ್ನು ಎರವಲು ಕೊಡುತ್ತದೆ, ವಿಚಾರಿಸಿ. ಸ್ವಂತ ಜಾಕೆಟ್ ಇರುವವನೂ ಸಂಸ್ಥೆಯ ಜಾಕೆಟ್ಟನ್ನೇ ಹಾಕಲಿ. ಯಾರದು ದಾನದ್ದು, ಯಾರದು ಕೊಂಡದ್ದು ಎಂಬುದು ಕಣ್ಣಿಗೆ ಬೀಳಬಾರದು.

ಊಟಕ್ಕೆ ದಿನಕ್ಕೆ ತಲಾ 700ರಿಂದ 900 ಗ್ರಾಂ ಒಣ ಪದಾರ್ಥ ಬೇಕು. ನಾಲ್ಕು ಜನರ ಮೂರು ಅಡುಗೆ ಗುಂಪು ಮಾಡಿ, ಗುಂಪಿಗೊಂದು ಒಲೆ. ಒಂದು ಗುಂಪು ದಿನಕ್ಕೆ ಆರೇಳು ಲೀಟರ್ ನೀರು ಕುದಿಸಿದರೆ ಸುಮಾರು 100 ಗ್ರಾಂ ಗ್ಯಾಸ್ ಹೋಗುತ್ತದೆ. 230 ಗ್ರಾಂನ ಡಬ್ಬಿ ಎರಡು ದಿನಕ್ಕೆ ಬಂದರೆ ಆರು ದಿನಕ್ಕೆ ಗುಂಪಿಗೆ ಮೂರು ಡಬ್ಬಿ. ಸೊಮಾಲಿ ಹುಡುಗರಿಗೆ ಹಲಾಲ್ ಮಾಂಸ ಸಿಗದಿದ್ದರೆ ಇಡೀ ತಂಡಕ್ಕೇ ಬೇಳೆ, ಕಾಳು, ಚೀಸು, ಕಡಲೆಕಾಯಿ ಬೆಣ್ಣೆ ಇಟ್ಟುಬಿಡಿ (ಕಡಲೆಕಾಯಿ ಒಗ್ಗದವರು ಯಾರೂ ಇಲ್ಲವೆಂದು ಮೊದಲೇ ಕೇಳಿಕೊಂಡು). ಮಾರ್ಷ್‌ಮೆಲೊ ಎಂಬ ಮಿಠಾಯಿಯಲ್ಲಿ ಹಂದಿಯ ಜೆಲಟಿನ್ ಇರುವುದುಂಟು, ಪೊಟ್ಟಣ ಓದಿ ಕೊಳ್ಳಿ. ಹಾಲು ಅರಗದವರೂ ಇರುತ್ತಾರೆ, ಎಲ್ಲಕ್ಕೂ ಹಾಲಿನಪುಡಿ ಬೆರೆಸಬೇಡಿ.

ವೈದ್ಯಕೀಯ ಫಾರ್ಮನ್ನು ಸುಮ್ಮನೆ ಫೈಲಿಗೆ ಸೇರಿಸದೆ ಕೂತು ಓದಿ. ಆಸ್ತಮಾ ಇರುವ ಹುಡುಗನಿಗೆ ಎರಡು ಇನ್‌ಹೇಲರ್, ಒಂದು ಅವನ ಜೇಬಿನಲ್ಲಿ, ಇನ್ನೊಂದು ನಿಮ್ಮ ಬಳಿ. ಸಿಕಲ್ ಸೆಲ್ ಟ್ರೇಟ್ (ರಕ್ತದ ಕೆಂಪುಕಣಗಳಿಗೆ ಸಂಬಂಧಿಸಿದ ಒಂದು ಆನುವಂಶಿಕ ಗುಣ) ಇದೆಯೇ ಎಂದು ಮನೆಯವರಲ್ಲಿ ಕೇಳಿ. ಅಮೆರಿಕದಲ್ಲಿ ಹುಟ್ಟಿದ ಮಕ್ಕಳಿಗೆ ಹುಟ್ಟಿದಾಗಲೇ ಆ ಪರೀಕ್ಷೆ ಆಗಿರುತ್ತದೆ, ಎಷ್ಟೋ ಹುಡುಗರಿಗೆ ಅದು ಗೊತ್ತಿರುವುದಿಲ್ಲ. ಇದ್ದವನನ್ನು ಬಿಟ್ಟುಹೋಗುವ ಕಾರಣವಿಲ್ಲ. ಆದರೆ ಬಿಸಿಲು, ನೀರಿನ ಕೊರತೆ, ಬಿಡುವಿಲ್ಲದ ಏರು ಮೂರೂ ಸೇರಿದರೆ ಅವನ ಸ್ನಾಯುಗಳಿಗೆ ಗಂಭೀರ ಹಾನಿಯಾಗಬಹುದು. ತನ್ನ ವೇಗದಲ್ಲೇ ನಡೆಯಲಿ, ಕಾಲು ಸೆಳೆದರೆ ಕೂರಲಿ.

ಪ್ರಥಮ ಚಿಕಿತ್ಸೆಯ ಪುಸ್ತಕಗಳಲ್ಲಿನ “ತುಟಿ ನೀಲಿ, ಚರ್ಮ ಕೆಂಪು” ಎಂಬ ಲಕ್ಷಣಗಳನ್ನು ಬಿಳಿ ಚರ್ಮ ನೋಡಿ ಬರೆದದ್ದು. ಕಪ್ಪು ಮೈಬಣ್ಣದವರಲ್ಲಿ ತುಟಿಯ ಒಳಭಾಗ, ವಸಡು, ಉಗುರಿನ ಬುಡ, ಅಂಗೈ ನೋಡಬೇಕು. ಉರಿಯೂತವನ್ನು ಬಣ್ಣದಿಂದಲ್ಲ, ಮುಟ್ಟಿ, ಬಿಸಿಯಿಂದ ಮತ್ತು ಗಡಸಿನಿಂದ ತಿಳಿಯಬೇಕು. ಬೆರಳಿಗೆ ಸಿಕ್ಕಿಸುವ ಆಕ್ಸಿಮೀಟರ್ ಕಪ್ಪು ಚರ್ಮದಲ್ಲಿ ಇರುವುದಕ್ಕಿಂತ ಹೆಚ್ಚಿನ ಅಂಕಿ ತೋರಿಸುವುದುಂಟು, ಅಂಕಿಯನ್ನು ನಂಬಿ ಏದುಸಿರನ್ನು ಕಡೆಗಣಿಸಬೇಡಿ. ತಲೆಕೂದಲ ವಿಷಯಕ್ಕೂ ಜಾಗ ಕೊಡಿ. ರಾತ್ರಿ ಕೂದಲಿಗೆ ಕಟ್ಟುವ ಬಟ್ಟೆ, ಎಣ್ಣೆ, ಮೈಗೆ ಹಚ್ಚುವ ಲೋಶನ್ ಇವು ಅವರಿಗೆ ಶೋಕಿಯಲ್ಲ, ಸಾಮಾನು ಪಟ್ಟಿಯಲ್ಲೇ ಬರೆದಿಡಿ. ವಾಸನೆಯಿರುವ ಅವೆಲ್ಲವೂ ಅನ್ನದ ಜೊತೆಗೇ ಕರಡಿಗೆ ತೆರೆಯಲಾಗದ ಗಟ್ಟಿ ಡಬ್ಬಿಯೊಳಗೆ ಹೋಗಬೇಕೆಂದು ಮೊದಲ ಸಂಜೆಯೇ ತೋರಿಸಿ.

ಸರೋವರಕ್ಕೆ ಇಳಿಯುವ ಮಾತು ಬಂದಾಗ ಮಾತ್ರ ಕಟ್ಟುನಿಟ್ಟಾಗಿರಿ. ಅದು ಹಿಮ ಕರಗಿದ ನೀರು, ಧುಮುಕಿದೊಡನೆ ಉಸಿರು ತಾನಾಗಿ ಒಳಕ್ಕೆಳೆಯುತ್ತದೆ, ಆಗ ಬಾಯಿ ನೀರಿನಲ್ಲಿದ್ದರೆ ಈಜುಬಲ್ಲವನೂ ಮುಳುಗುತ್ತಾನೆ. ಹೊರಡುವ ಮೊದಲೇ ಊರಿನ ಕೊಳದಲ್ಲಿ ಯಾರಿಗೆ ಈಜು ಬರುತ್ತದೆಂದು ನೋಡಿಕೊಳ್ಳಿ, ಬಾರದವರನ್ನು ತರಗತಿಗೆ ಸೇರಿಸಿ. ಸರೋವರದಲ್ಲಿ ಯಾರೂ ಮೊಣಕಾಲ ಮಟ್ಟ ದಾಟಬಾರದು.

ಇನ್ನು ನಾಯಕತ್ವ. ನಮ್ಮ ಉತ್ತರದ ತಿರುಳು ಇಲ್ಲಿದೆ. ನಿರ್ಧಾರ ನಿಜವಾದದ್ದಾಗಿದ್ದರೆ ಹುಡುಗ ಬೆಳೆಯುತ್ತಾನೆ, ಹಿರಿಯರು ಮೊದಲೇ ತೀರ್ಮಾನಿಸಿ ಕೇಳಿದಂತೆ ನಟಿಸಿದರೆ ಅದನ್ನು ಒಂದು ಗಂಟೆಯಲ್ಲಿ ಪತ್ತೆ ಹಚ್ಚುತ್ತಾನೆ. ಮೊದಲ ದಿನ ನಾಲ್ಕೈದು ಕಿಲೋಮೀಟರ್ ಸಾಕು, ನೀವೇ ಮುಂದಿರಿ. ಎರಡನೇ ದಿನದಿಂದ ದಿನಕ್ಕಿಬ್ಬರು ನಾಯಕರು. ಹಿಂದಿನ ರಾತ್ರಿ ಅವರೇ ಕೂತು ಲೆಕ್ಕ ಹಾಕಲಿ: ಗಂಟೆಗೆ ಮೂರು ಕಿಲೋಮೀಟರ್, ಪ್ರತಿ 300 ಮೀಟರ್ ಏರಿಗೆ ಇನ್ನೊಂದು ಗಂಟೆ, ಗಂಟೆಗೆ ಹತ್ತು ನಿಮಿಷ ವಿರಾಮ. ಎಷ್ಟಕ್ಕೆ ಏಳಬೇಕು, ಎಲ್ಲಿ ಊಟ, ಯಾರು ಮುಂದೆ ಎಂಬುದೆಲ್ಲ ಅವರದೇ. ಮೂರನೇ ದಿನದ ಹೊತ್ತಿಗೆ ಹಿರಿಯರು ನೂರಡಿ ಹಿಂದೆ ನಡೆಯಲಿ. ದಾರಿ ತಪ್ಪಿದರೆ ಅರ್ಧ ಗಂಟೆ ಬಾಯಿಬಿಡಬೇಡಿ, ಸರೋವರ ಎಡಕ್ಕಿಲ್ಲವೆಂದು ಯಾರೋ ಒಬ್ಬ ಗಮನಿಸುತ್ತಾನೆ. ಸಿಡಿಲು, ನೀರು, ಕಾಯಿಲೆ, ಹೊಡೆದಾಟ: ಈ ನಾಲ್ಕರಲ್ಲಿ ಮಾತ್ರ ಕೊನೆಯ ಮಾತು ಹಿರಿಯರದು, ಅದನ್ನು ಮೊದಲ ದಿನವೇ ಹೇಳಿಬಿಡಿ.

ಜಗಳ ಹೆಚ್ಚಾಗಿ ಮೂರನೇ ದಿನ ಬರುತ್ತದೆ, ಅನ್ನದ ಪಾಲಿಗೆ ಅಥವಾ ನಿಧಾನ ನಡೆಯುವವನ ಮೇಲೆ. ನಿಧಾನದವನು ಕೊನೆಯಲ್ಲಿದ್ದರೆ ಅವನು ಬಂದು ಸೇರುವಾಗ ಉಳಿದವರು ವಿರಾಮ ಮುಗಿಸಿ ಎದ್ದಿರುತ್ತಾರೆ, ಅವನಿಗೆ ವಿಶ್ರಾಂತಿಯೇ ಇಲ್ಲ. ಅವನನ್ನು ಮುಂದಿನಿಂದ ಎರಡನೆಯವನನ್ನಾಗಿ ಮಾಡಿ, ಚೀಲದ ಭಾರ ಇಳಿಸುವುದನ್ನು ಎಲ್ಲರೆದುರು ಮಾಡಬೇಡಿ.

ನಾಲ್ಕನೇ ದಿನಕ್ಕೆ ಡೆಸೊಲೇಶನ್ ಪೀಕ್ ಎಂಬ ಶಿಖರ ಇಟ್ಟುಕೊಂಡಿದ್ದೀರಿ. ಸರೋವರದ ದಂಡೆಯಿಂದ ಸುಮಾರು 1,340 ಮೀಟರ್ ಏರು, ಬಿಸಿಲು ಹೊಡೆಯುವ ಒಣ ಇಳಿಜಾರು, ದಾರಿಯಲ್ಲಿ ನೀರು ಸಿಗುತ್ತದೆಂದು ನಂಬುವಂತಿಲ್ಲ, ತಲಾ ನಾಲ್ಕು ಲೀಟರ್ ಹೊರಬೇಕು. ಮೇಲಿನ ಲೆಕ್ಕದಲ್ಲಿ, ವಿರಾಮ ಬಿಟ್ಟು, ಹತ್ತಲಿಕ್ಕೇ ಸುಮಾರು ಏಳು ಗಂಟೆ. ಹೋಗಬೇಕೇ, ಎಷ್ಟು ಹೊತ್ತಿಗೆ ಎಲ್ಲಿದ್ದರೂ ಹಿಂತಿರುಗಬೇಕು ಎಂಬುದನ್ನು ಹುಡುಗರೇ ತೀರ್ಮಾನಿಸಿ ಬರೆದಿಡಲಿ. ಹಿಂತಿರುಗುವ ಹೊತ್ತಿಗೆ ಶಿಖರ ಕಣ್ಣೆದುರೇ ಇದ್ದರೆ ಕಷ್ಟವಾಗುತ್ತದೆ. ಆಗ 2013ರ ಎಕ್ಸ್‌ಪೆಡಿಶನ್ ಡೆನಾಲಿ ತಂಡದ ವಿಷಯ ಹೇಳಿ. ಉತ್ತರ ಅಮೆರಿಕದ ಅತಿ ಎತ್ತರದ ಶಿಖರಕ್ಕೆ ಹೊರಟ ಆ ಆಫ್ರಿಕನ್ ಅಮೆರಿಕನ್ ತಂಡ ಗುಡುಗು ಸಿಡಿಲಿಗೆ ಸಿಕ್ಕಿ ತುದಿ ಮುಟ್ಟದೆ ಇಳಿದುಬಂತು. ಅವರಲ್ಲಿ ಯಾರೂ ಅದನ್ನು ಸೋಲೆಂದು ಬಚ್ಚಿಡಲಿಲ್ಲ.

ರಾತ್ರಿ ಇಪ್ಪತ್ತು ನಿಮಿಷ ಸುತ್ತ ಕೂತು ಮೂರೇ ಪ್ರಶ್ನೆ: ಇವತ್ತು ಏನಾಯಿತು, ಅದರಿಂದ ಏನು ಗೊತ್ತಾಯಿತು, ನಾಳೆ ಏನು ಬದಲಿಸೋಣ. ಭಾಷಣ ಬೇಡ. ದಾರಿಯ ಪೆಟ್ರೋಲ್ ಬಂಕಿನಲ್ಲೋ ಅಂಗಡಿಯಲ್ಲೋ ಯಾರಾದರೂ ಅವರನ್ನು ಅನುಮಾನದಿಂದ ನೋಡಿದರೆ, “ಅವರು ಹಾಗೆ ಅಂದುಕೊಂಡಿರಲಿಕ್ಕಿಲ್ಲ” ಎಂದು ಸಮಾಧಾನ ಮಾಡಲು ಹೋಗಬೇಡಿ. “ನಮಗೂ ಹೀಗೆ ಆಗುತ್ತೆ” ಎಂದೂ ಹೇಳಬೇಡಿ. ಕಂದುಬಣ್ಣದ ಭಾರತೀಯ ಇಂಜಿನಿಯರ್ ಎದುರಿಸುವುದು ಬೇರೆ, ಕಪ್ಪು ಹುಡುಗ ಎದುರಿಸುವುದು ಬೇರೆ. ನಮ್ಮ ಮನೆಗಳಲ್ಲೇ ಕಪ್ಪು ಜನರ ಬಗ್ಗೆ ಆಡುವ ಮಾತುಗಳನ್ನು ನಾವು ಮೊದಲು ಬಿಡಬೇಕಿದೆ.

ಆರು ದಿನಕ್ಕೆ ನಾಯಕತ್ವ ಬರುತ್ತದೆಯೇ ಎಂದಿರಿ. ಬರುವುದಿಲ್ಲ, ಶುರುವಾಗುತ್ತದೆ. ಮಾರ್ಗದರ್ಶನದ ನಂಟು ಒಂದು ವರ್ಷ ದಾಟಿದಾಗ ಹುಡುಗರಿಗೆ ಹೆಚ್ಚು ಒಳಿತಾಯಿತೆಂದೂ, ಮೂರು ತಿಂಗಳೊಳಗೆ ಕಡಿದುಹೋದ ಕಡೆ ಅವರ ಆತ್ಮವಿಶ್ವಾಸ ಮೊದಲಿಗಿಂತ ಕುಸಿಯಿತೆಂದೂ 2002ರಲ್ಲಿ ಪ್ರಕಟವಾದ ಗ್ರಾಸ್‌ಮನ್ ಮತ್ತು ರೋಡ್ಸ್ ಅವರ ಅಧ್ಯಯನ ತೋರಿಸಿತು. ಚಾರಣ ಮುಗಿಸಿ ಫೋಟೊ ಹಾಕಿ ಮರೆಯಾಗುವುದಾದರೆ ದಯವಿಟ್ಟು ಹೋಗಲೇಬೇಡಿ. ತಿಂಗಳಿಗೆರಡು ಭೇಟಿ, ಒಂದು ವರ್ಷ, ಇಷ್ಟು ಒಪ್ಪಿದರೆ ಮಾತ್ರ ಹೂಂ ಅನ್ನಿ. ಮುಂದಿನ ಬೇಸಗೆಗೆ ಇಬ್ಬರು ಹುಡುಗರು ಸಹಾಯಕ ನಾಯಕರಾಗಿ ಬರಲಿ, ಸಂಬಳ ಸಹಿತ. ಬೇಸಗೆಯಲ್ಲಿ ದುಡಿದು ಮನೆಗೆ ಕೊಡುವ ಹುಡುಗನಿಗೆ ಆರು ದಿನದ ಚಾರಣವೆಂದರೆ ಆರು ದಿನದ ಕೂಲಿ ನಷ್ಟ. ಈ ವರ್ಷದ ಬಜೆಟ್ಟಿನಲ್ಲೇ ಭತ್ಯೆ ಸೇರಿಸಲು ಸಂಸ್ಥೆಯನ್ನು ಒತ್ತಾಯಿಸಿ. 1957ರಲ್ಲಿ ಶುರುವಾದ ಸ್ಟೂಡೆಂಟ್ ಕನ್ಸರ್ವೇಶನ್ ಅಸೋಸಿಯೇಶನ್ ಹದಿಹರೆಯದವರನ್ನು ಕಾಡುದಾರಿ ದುರಸ್ತಿಯ ತಂಡಗಳಿಗೆ ಸೇರಿಸಿಕೊಳ್ಳುತ್ತದೆ, ಆ ಅರ್ಜಿ ತುಂಬಲು ಜೊತೆಗೆ ಕೂರುವುದೂ ನಿಮ್ಮ ಕೆಲಸವೇ.

ಕೊನೆಯದು ನಿಮ್ಮ ಅರ್ಹತೆ. ಕುಮಾರಪರ್ವತ ಹತ್ತಿದ ಕಾಲುಗಳು ಸಾಕು. ಆದರೆ ಆಸ್ಪತ್ರೆಗೆ ಒಂದು ದಿನದ ದೂರದಲ್ಲಿ ಒಂಬತ್ತು ಮಕ್ಕಳ ಹೊಣೆ ಹೊರಲು ಅದು ಸಾಲದು. ಮೂವರಲ್ಲಿ ಒಬ್ಬರಿಗಾದರೂ ಆಸ್ಪತ್ರೆ ದೂರವಿರುವ ಕಡೆಯ ತುರ್ತು ಚಿಕಿತ್ಸೆ ಕಲಿಸುವ, 70ರಿಂದ 80 ಗಂಟೆಗಳ ವಿಲ್ಡರ್‌ನೆಸ್ ಫಸ್ಟ್ ರೆಸ್ಪಾಂಡರ್ ತರಬೇತಿ ಆಗಿರಬೇಕು, ನಿಮಗೆ ಕನಿಷ್ಠ 16 ಗಂಟೆಯ ವಿಲ್ಡರ್‌ನೆಸ್ ಫಸ್ಟ್ ಏಡ್. ಅದು ಒಂದು ವಾರಾಂತ್ಯದ ತರಗತಿ, ಬೇಸಗೆ ಹತ್ತಿರವಾದಂತೆ ಜಾಗ ತುಂಬಿಹೋಗುತ್ತದೆ. ಈ ವಾರವೇ ಹೆಸರು ಬರೆಸಿ, ಹಿನ್ನೆಲೆ ಪರಿಶೀಲನೆಯ ಅರ್ಜಿಯನ್ನೂ ಸಂಸ್ಥೆಗೆ ಕೊಟ್ಟುಬಿಡಿ.

– ಸಂಪಾದಕ