ಏಪ್ರಿಲ್‌ನ 74, ಸೆಪ್ಟೆಂಬರ್‌ನ 88

ಮೈಸೂರಿನ ಓದುಗರೊಬ್ಬರ ಪತ್ರ: "ನನ್ನ ಮಗಳಿಗೆ 15 ವರ್ಷ, ಗಾಲ್ಫ್ ಆಡುತ್ತಾಳೆ. ಜನವರಿಯಿಂದ ಮಾರ್ಚ್‌ವರೆಗೆ 18 ಹೋಲ್ ಮುಗಿಸಲು 80 ಹೊಡೆತದ ಆಸುಪಾಸಿನಲ್ಲಿದ್ದಳು (ಗಾಲ್ಫ್‌ನಲ್ಲಿ ಹೊಡೆತ ಕಡಿಮೆಯಾದಷ್ಟೂ ಒಳ್ಳೆಯದು). ಏಪ್ರಿಲ್‌ನಲ್ಲಿ ಒಂದು ದಿನ 74 ಆಡಿದಳು. ಮನೆಯಲ್ಲಿ ಹಬ್ಬ ಮಾಡಿದೆವು. ಜೂನ್‌ನಲ್ಲಿ ಹತ್ತನೇ ಕ್ಲಾಸ್ ಶುರುವಾಯಿತು, ಸಂಜೆ ಟ್ಯೂಷನ್ನು. ಜುಲೈನಿಂದ 84, 85. ಸೆಪ್ಟೆಂಬರ್‌ನಲ್ಲಿ ಚೆನ್ನೈಗೆ ಹೋಗಿ 88. ಸ್ವಿಂಗನ್ನೇ, ಅಂದರೆ ಕೋಲು (ಕ್ಲಬ್) ಬೀಸುವ ರೀತಿಯನ್ನೇ, ಪೂರ್ತಿ ಬದಲಿಸೋಣ ಅಂತಾರೆ ಕೋಚ್. ಅವಳಿಗೆ ಆಸಕ್ತಿಯೇ ಹೋಯಿತೇನೋ ಅಂತ ನನಗೆ ಭಯ. ವರ್ಷದ ನಡುವೆ ಆಟ ಹೀಗೆ ಬೀಳುವುದು ಸಹಜವಾ?"

ಸಂಪಾದಕರ ಉತ್ತರ:

ನಮಸ್ಕಾರ. ನಿಮ್ಮ ಪತ್ರವನ್ನು ಮೂರು ಸಲ ಓದಿದೆ. ಸಹಜ ಅಂತ ಒಂದೇ ಮಾತಿನಲ್ಲಿ ಹೇಳಿ ಮುಗಿಸಬಹುದಿತ್ತು. ಆದರೆ ನಿಮ್ಮ ಭಯ ಅಷ್ಟಕ್ಕೆ ಹೋಗುವುದಿಲ್ಲ.

ಮೊದಲು ನಮ್ಮ ಬೆಂಗಳೂರಿನ ಹುಡುಗಿ ಅದಿತಿ ಅಶೋಕ್ ಅವರ 2023ನೇ ವರ್ಷವನ್ನು ನೋಡೋಣ. ಫೆಬ್ರವರಿಯಲ್ಲಿ ಕೀನ್ಯಾದಲ್ಲಿ 9 ಸ್ಟ್ರೋಕ್ (ಹೊಡೆತ) ಅಂತರದಿಂದ ಗೆದ್ದರು. ಅದೇ ತಿಂಗಳು ಸೌದಿಯಲ್ಲಿ ಎರಡನೇ ಸ್ಥಾನ. ಏಪ್ರಿಲ್ ಕೊನೆಗೆ ಲಾಸ್ ಏಂಜಲೀಸ್‌ನಲ್ಲಿ ಮೂವರ ಪ್ಲೇ-ಆಫ್‌ವರೆಗೆ (ಸಮಬಲ ಮುರಿಯುವ ಆಟ) ಹೋಗಿ ಸೋತರು. ಆಮೇಲೆ ಹಾಂಗ್‌ಝೌನ ಏಷ್ಯನ್ ಗೇಮ್ಸ್ ಬಂತು. ಮೊದಲ ಎರಡು ದಿನ 67 ಮತ್ತು 66. ಮೂರನೇ ದಿನ 61. ಪಾರ್‌ಗಿಂತ (ಮೈದಾನಕ್ಕೆ ನಿಗದಿಯಾದ ಹೊಡೆತಗಳ ಲೆಕ್ಕ) 11 ಕಡಿಮೆ! 7 ಸ್ಟ್ರೋಕ್ ಮುಂದಿದ್ದರು. ಚಿನ್ನ ಬಂದೇ ಬಿಟ್ಟಿತು ಅಂತ ನಾವೆಲ್ಲ ಅಂದುಕೊಂಡೆವು. ಮಾರನೇ ದಿನ, ಅಕ್ಟೋಬರ್ 1ರಂದು, ಅದೇ ಮೈದಾನದಲ್ಲಿ ಅದೇ ಕೈಗಳಿಂದ 77. ಒಂದೇ ಬರ್ಡಿ (ಹೋಲಿನ ಪಾರ್‌ಗಿಂತ ಒಂದು ಕಡಿಮೆ), ನಾಲ್ಕು ಬೋಗಿ (ಒಂದು ಜಾಸ್ತಿ), ಒಂದು ಡಬಲ್ ಬೋಗಿ (ಎರಡು ಜಾಸ್ತಿ). ಚಿನ್ನ ಥಾಯ್ಲೆಂಡಿನ ಅರ್ಪಿಚಯಾ ಯುಬೊಲ್ ಅವರ ಪಾಲಾಯಿತು. ಅದಿತಿಗೆ ಬೆಳ್ಳಿ. ಏಷ್ಯನ್ ಗೇಮ್ಸ್ ಗಾಲ್ಫ್‌ನಲ್ಲಿ ಭಾರತದ ಮಹಿಳೆಯೊಬ್ಬರಿಗೆ ಸಿಕ್ಕ ಮೊದಲ ವೈಯಕ್ತಿಕ ಪದಕ ಅದು. ಆದರೂ ಆ ದಿನ ನಮಗೆಲ್ಲ ಬೇಜಾರೇ ಆಯಿತು.

ಒಂದು ರಾತ್ರಿ ಕಳೆಯುವಷ್ಟರಲ್ಲಿ 16 ಸ್ಟ್ರೋಕ್ ವ್ಯತ್ಯಾಸ. ಆ ಸಂಜೆ ಯಾರಾದರೂ "ಇವರ ಸ್ವಿಂಗ್ ಕೆಟ್ಟಿದೆ, ಬುಡದಿಂದ ಬದಲಿಸಬೇಕು" ಅಂದಿದ್ದರೆ? ಎಂಟು ವಾರ ಕಳೆದು, ನವೆಂಬರ್ ಕೊನೆಗೆ, ಅದಿತಿ ಸ್ಪೇನಿನಲ್ಲಿ ಓಪನ್ ಟೂರ್ನಿ ಗೆದ್ದರು. 2016ರಲ್ಲೂ ಹೀಗೇ ಆಗಿತ್ತು. ರಿಯೋ ಒಲಿಂಪಿಕ್ಸ್‌ನಲ್ಲಿ 68, 68 ಆಡಿ, ಮೂರನೇ ದಿನ 79ಕ್ಕೆ ಜಾರಿ, ಕೊನೆಗೆ 41ನೇ ಸ್ಥಾನದಲ್ಲಿ ನಿಂತರು. ಅದೇ ನವೆಂಬರ್‌ನಲ್ಲಿ ಇಂಡಿಯನ್ ಓಪನ್ ಗೆದ್ದು, ಎರಡು ವಾರದೊಳಗೆ ಕತಾರಿನಲ್ಲೂ ಗೆದ್ದರು.

ಹಾಗಾದರೆ ನವೆಂಬರ್ ಅವರಿಗೆ ಕೂಡಿ ಬರುವ ತಿಂಗಳು ಅಂತಲಾ? ಅಲ್ಲ. 61 ಆಡಿದ್ದೂ 77 ಆಡಿದ್ದೂ ಅವರೇ. ಎರಡರಲ್ಲಿ ಯಾವುದೂ ಅವರ ನಿಜವಾದ ಮಟ್ಟ ಅಲ್ಲ. ನಿಮ್ಮ ಮಗಳ 74 ಕೂಡ ಹಾಗೇ. ಅದನ್ನು ನೀವು ಅವಳ ಹೊಸ ಮಟ್ಟ ಅಂತ ಮನಸ್ಸಿನಲ್ಲಿ ಬರೆದುಕೊಂಡಿರಿ. ಅವತ್ತಿನಿಂದ ಬಂದದ್ದೆಲ್ಲ ಸೋಲಾಗಿಯೇ ಕಂಡಿತು. ಅವಳ ಮಟ್ಟ 80 ಇತ್ತು. ಈಗ 84, 85. ಹಾಗಾಗಿ ಬಿದ್ದಿರುವುದು ನಾಲ್ಕೈದು ಸ್ಟ್ರೋಕ್, ಹತ್ತು ಹನ್ನೊಂದು ಅಲ್ಲ.

ಒಂದು ದಿನದ ಸ್ಕೋರ್ ಯಾಕೆ ಇಷ್ಟು ಕುಣಿಯುತ್ತದೆ ಅನ್ನುವುದಕ್ಕೆ ಪಟ್ಟಿಂಗ್ (ಚೆಂಡನ್ನು ಮೆಲ್ಲಗೆ ಉರುಳಿಸಿ ಹೋಲಿಗೆ ಹಾಕುವುದು) ಒಂದನ್ನೇ ತೆಗೆದುಕೊಳ್ಳಿ. ಎಂಟು ಅಡಿ ದೂರದಿಂದ ಪಟ್ ಮಾಡಿದರೆ ಅಮೆರಿಕದ ದೊಡ್ಡ ವೃತ್ತಿಪರ ಸರಣಿ ಪಿಜಿಎ ಟೂರ್‌ನ ಆಟಗಾರರಿಗೂ ಸುಮಾರು ಅರ್ಧದಷ್ಟೇ ಬೀಳುತ್ತವೆ. ನಾಣ್ಯ ಚಿಮ್ಮಿದ ಹಾಗೆ. ಹತ್ತು ಸಲ ಚಿಮ್ಮಿದಾಗ ಒಮ್ಮೊಮ್ಮೆ ಏಳು, ಎಂಟು ಸಲ ನಮ್ಮ ಕಡೆ ಬೀಳುತ್ತದೆ, ಒಮ್ಮೊಮ್ಮೆ ಮೂರೇ ಸಲ. ಅಲ್ಲೇ ನಾಲ್ಕೈದು ಸ್ಟ್ರೋಕ್ ಹೋಯಿತು ನೋಡಿ. ಕೈ ಅದೇ, ಪಟರ್ (ಪಟ್ ಮಾಡುವ ಕ್ಲಬ್) ಅದೇ.

ಆದರೆ ಜುಲೈನಿಂದ ಸೆಪ್ಟೆಂಬರ್‌ವರೆಗೆ ಬಿಡದೆ 84, 85 ಬಂದಿದ್ದರೆ ಅದು ಬರೀ ಅದೃಷ್ಟ ಅಲ್ಲ. ಅದಕ್ಕೆ ಕಾರಣ ಇದೆ. ಒಂದಲ್ಲ, ಮೂರ್ನಾಲ್ಕು.

ಮಳೆಯಿಂದ ಶುರು ಮಾಡೋಣ. ಮೈಸೂರಿನ ಜುಲೈ ಮಳೆ ಜೋರಾಗಿ ಸುರಿಯುವುದಿಲ್ಲ, ಜಿಟಿಜಿಟಿ ಹಿಡಿಯುತ್ತದೆ. ಆ ಜಿಟಿಜಿಟಿಯೇ ನೆಲ ಒಣಗಲು ಬಿಡುವುದಿಲ್ಲ. ಫೆಬ್ರವರಿಯಲ್ಲಿ ಗಟ್ಟಿ ಫೇರ್‌ವೇ (ಹೋಲಿನ ಕಡೆಗಿನ ಕತ್ತರಿಸಿದ ಹುಲ್ಲಿನ ದಾರಿ) ಮೇಲೆ ಬಿದ್ದ ಚೆಂಡು ಇಪ್ಪತ್ತು ಗಜ ಉರುಳಿಕೊಂಡು ಹೋಗುತ್ತಿತ್ತು. ಈಗ ಬಿದ್ದಲ್ಲೇ ಕೂರುತ್ತದೆ. ಎರಡನೇ ಹೊಡೆತಕ್ಕೆ 8 ಐರನ್ ಕ್ಲಬ್ ಸಾಕಾಗುತ್ತಿದ್ದ ಕಡೆ, ಇನ್ನೂ ದೂರ ಹೊಡೆಯುವ 6 ಐರನ್ ಬೇಕು. ಅದರಿಂದ ಗ್ರೀನ್ (ಹೋಲ್ ಇರುವ ನುಣುಪು ಹುಲ್ಲಿನ ಜಾಗ) ಮೇಲೆ ಚೆಂಡು ನಿಲ್ಲಿಸುವುದು ಎಷ್ಟು ಕಷ್ಟ ಅಂತ ಅವಳನ್ನೇ ಕೇಳಿ. ಕ್ಲಬ್ಬಿಗೂ ಚೆಂಡಿಗೂ ನಡುವೆ ಒದ್ದೆ ಹುಲ್ಲು ಸಿಕ್ಕಿಕೊಂಡರೆ ಸ್ಪಿನ್ನೂ ಸರಿಯಾಗಿ ಹತ್ತುವುದಿಲ್ಲ. ನೆನೆದ ಗ್ರೀನ್ ನಿಧಾನ, ಪಟ್ ಎಲ್ಲ ಗಿಡ್ಡವಾಗಿ ನಿಲ್ಲುತ್ತದೆ. ಇದರಲ್ಲಿ ಯಾವುದೂ ಅವಳ ಸ್ವಿಂಗಿನ ತಪ್ಪಲ್ಲ.

ಚೆನ್ನೈ ವಿಷಯ ಬೇರೆ. ಮೈಸೂರು ಸಮುದ್ರಮಟ್ಟದಿಂದ ಸುಮಾರು 760 ಮೀಟರ್ ಎತ್ತರದಲ್ಲಿದೆ. ಇಲ್ಲಿ ಗಾಳಿ ತೆಳು, ಚೆಂಡು ಸ್ವಲ್ಪ ಜಾಸ್ತಿ ದೂರ ಹೋಗುತ್ತದೆ. ಕಡಲ ತೀರಕ್ಕೆ ಇಳಿದರೆ 130 ಗಜದ ಹೊಡೆತದಲ್ಲಿ ಹೆಚ್ಚುಕಡಿಮೆ ಐದು ಗಜ ಕಳೆದುಹೋಗುತ್ತದೆ. ಐದು ಗಜ ಅಂದರೆ ಗ್ರೀನಿಗೂ ಅದರ ಮುಂದಿನ ಮರಳಿನ ಬಂಕರಿಗೂ ಇರುವ ಅಂತರ. ಅದರ ಮೇಲೆ ಸೆಕೆ, ಕಡಲ ಗಾಳಿ, ನೋಡದೇ ಇದ್ದ ಮೈದಾನ. ಆ 88 ಅನ್ನು ಲೆಕ್ಕದಿಂದಲೇ ಬಿಟ್ಟುಬಿಡಿ ಅನ್ನುತ್ತೇನೆ.

ನನಗೆ ಎಲ್ಲಕ್ಕಿಂತ ದೊಡ್ಡದಾಗಿ ಕಂಡಿದ್ದು ಟ್ಯೂಷನ್. ಅದನ್ನು ನೀವು ಒಂದೇ ಸಾಲಿನಲ್ಲಿ ದಾಟಿಬಿಟ್ಟಿದ್ದೀರಿ. ಸಂಜೆಯ ಅಭ್ಯಾಸ ನಿಂತಾಗ ಮೊದಲು ಕೈಬಿಡುವುದು ದೊಡ್ಡ ಹೊಡೆತ ಅಲ್ಲ, ಚಿಕ್ಕ ಆಟ. ಡ್ರೈವರ್ (ಎಲ್ಲಕ್ಕಿಂತ ದೂರ ಹೊಡೆಯುವ ಕ್ಲಬ್) ಹೊಡೆಯುವ ಮೈಗೆ ಆ ಚಲನೆ ತಿಂಗಳುಗಟ್ಟಲೆ ನೆನಪಿರುತ್ತದೆ. ಮೂವತ್ತು ಗಜದ ಚಿಪ್ (ಗ್ರೀನ್ ಹತ್ತಿರದಿಂದ ಎತ್ತಿ ಹಾಕುವ ಚಿಕ್ಕ ಹೊಡೆತ), ಆರಡಿ ಪಟ್, ಇವುಗಳ ಅಳತೆ ಬೆರಳುಗಳಲ್ಲಿ ಇರುವಂಥದ್ದು. ವಾರಗಟ್ಟಲೆ ಮುಟ್ಟದಿದ್ದರೆ ಮಂಕಾಗುತ್ತದೆ. ಭಾನುವಾರ ಒಂದು ದಿನ ಬಂದು 18 ಹೋಲ್ ಆಡಿದರೆ ಅದು ಮರಳಿ ಬರುವುದಿಲ್ಲ. ಹತ್ತನೇ ಕ್ಲಾಸಿನ ಮಗುವಿಗೆ ನಿದ್ದೆಯೂ ಕಡಿಮೆ. ಕೊನೆಯ ನಾಲ್ಕೈದು ಹೋಲ್‌ಗಳಲ್ಲೇ ಸ್ಟ್ರೋಕ್ ಜಾಸ್ತಿ ಆಗುತ್ತಿದ್ದರೆ, ಅದು ದಣಿವು.

ಅದಿತಿಯವರ ಟೋಕಿಯೋ ಕಥೆ ಇಲ್ಲಿ ನೆನಪಾಗುತ್ತದೆ. 2021ರಲ್ಲಿ ಒಲಿಂಪಿಕ್ಸ್‌ಗೆ ಮೊದಲು ಅವರಿಗೆ ಕೋವಿಡ್ ಬಂದಿತ್ತು. ಮೈಯಲ್ಲಿ ಶಕ್ತಿ ಇಲ್ಲದೆ ಹೊಡೆತದ ದೂರ ಕಡಿಮೆಯಾಗಿತ್ತು. ವಿಶ್ವ ರ‍್ಯಾಂಕಿಂಗ್‌ನಲ್ಲಿ ಆಗ 200ನೇ ಸ್ಥಾನ. ಆದರೂ 67, 66, 68, 68 ಆಡಿ ನಾಲ್ಕನೆಯವರಾದರು. ಕಂಚು ಒಂದೇ ಸ್ಟ್ರೋಕಿನಲ್ಲಿ ತಪ್ಪಿತು. ದೂರ ಹೋಗಿತ್ತು, ಪಟರ್ ಕಾಪಾಡಿತು. ಸ್ಕೋರ್‌ಕಾರ್ಡಿನ ಒಂದು ಸಂಖ್ಯೆಯೊಳಗೆ ಡ್ರೈವ್, ಐರನ್, ಚಿಪ್, ಪಟ್ ಎಲ್ಲವೂ ಅಡಗಿರುತ್ತವೆ. ಒಂದು ಏರುವಾಗ ಇನ್ನೊಂದು ಇಳಿಯುತ್ತಿರುತ್ತದೆ. ಯಾವುದು ಇಳಿದಿದೆ ಅಂತ ಗೊತ್ತಿಲ್ಲದೆ ಸ್ವಿಂಗಿಗೆ ಕೈ ಹಾಕಬಾರದು ಅಂತ ನಾನು ಖಡಾಖಂಡಿತವಾಗಿ ಹೇಳುತ್ತೇನೆ. ಅಮೆರಿಕದ ಗಾಲ್ಫ್ ಆಟಗಾರ ಸ್ಕಾಟಿ ಶೆಫ್ಲರ್ ಅವರನ್ನು ನೋಡಿ. 2023ರಲ್ಲಿ ಗ್ರೀನ್‌ವರೆಗಿನ ಆಟದಲ್ಲಿ ಅವರ ಸಮಕ್ಕೆ ಯಾರೂ ಇರಲಿಲ್ಲ, ಪಟ್ಟಿಂಗ್ ಮಾತ್ರ ಹಿಂದಕ್ಕೆ ಎಳೆಯುತ್ತಿತ್ತು. 2024ರ ಮಾರ್ಚ್‌ನಲ್ಲಿ ಪಟರ್ ಬದಲಿಸಿದರು. ಸ್ವಿಂಗನ್ನು ಹಾಗೇ ಬಿಟ್ಟರು. ಎರಡು ವಾರದಲ್ಲಿ ಎರಡು ಟೂರ್ನಿ ಗೆದ್ದರು.

ಹ್ಯಾಂಡಿಕ್ಯಾಪ್ (ಆಟಗಾರರ ಮಟ್ಟ ಅಳೆಯುವ ಅಂಕಿ) ನೋಡಿ ಇದನ್ನು ತಿಳಿಯಬಹುದಲ್ವಾ ಅಂತ ನೀವು ಕೇಳಬಹುದು. ಆಗುವುದಿಲ್ಲ. ಈಗಿನ ಪದ್ಧತಿಯಲ್ಲಿ ಕೊನೆಯ 20 ರೌಂಡ್‌ಗಳಲ್ಲಿ ಉತ್ತಮವಾದ 8ನ್ನೇ ಲೆಕ್ಕಕ್ಕೆ ಹಿಡಿಯುತ್ತಾರೆ. ಜನವರಿಯ ಒಳ್ಳೆಯ ರೌಂಡ್‌ಗಳು ಬಹಳ ಕಾಲ ಅದರಲ್ಲೇ ಕೂತಿರುತ್ತವೆ.

ಅದಕ್ಕೇ ಒಂದು ಚಿಕ್ಕ ನೋಟ್‌ಬುಕ್ ಇಡಿ. ಪ್ರತಿ ರೌಂಡಿಗೂ ಎಷ್ಟು ಫೇರ್‌ವೇ ಸಿಕ್ಕಿತು, ಎಷ್ಟು ಗ್ರೀನ್ ಸಿಕ್ಕಿತು, ಒಟ್ಟು ಎಷ್ಟು ಪಟ್, ಗ್ರೀನ್ ತಪ್ಪಿದಾಗ ಎಷ್ಟು ಸಲ ಎರಡೇ ಹೊಡೆತದಲ್ಲಿ ಮುಗಿಸಿದಳು. ನೆಲ ಒದ್ದೆಯೋ ಒಣವೋ ಅಂತಲೂ ಬರೆಯಲಿ. ಐದು ರೌಂಡಿನ ಸರಾಸರಿ ನೋಡಿ, ಒಂದರದ್ದಲ್ಲ. ಸಂಜೆ ಟ್ಯೂಷನ್ನಿನಿಂದ ಬಂದ ಮೇಲೆ ಹಾಲ್‌ನಲ್ಲಿ ಒಂದು ಜಮಖಾನ ಹಾಸಿ ಹದಿನೈದು ನಿಮಿಷ ಪಟ್ ಮಾಡಿದರೂ ಸಾಕು. ಅವಳಿಗೆ ಇಷ್ಟ ಇದ್ದರೆ ಮಾತ್ರ. ಈ ವರ್ಷ ಎತ್ತರ ಬೆಳೆದಿದ್ದರೆ ಕ್ಲಬ್ಬಿನ ಉದ್ದವನ್ನೂ ನೋಡಿಸಿ. ಗಿಡ್ಡ ಕ್ಲಬ್ಬಿಗೆ ಬಗ್ಗಿ ಬಗ್ಗಿ ಹೊಡೆಯುತ್ತಿದ್ದರೆ ಅದೇ ಸ್ವಿಂಗ್ ಕೆಟ್ಟ ಹಾಗೆ ಕಾಣುತ್ತದೆ. ಸ್ವಿಂಗ್ ಬದಲಿಸುವ ಮಾತು ಪರೀಕ್ಷೆ ಮುಗಿದ ಮೇಲೆ ಆಗಲಿ. ಹೊಸ ಸ್ವಿಂಗ್ ಕೂರಲು ತಿಂಗಳುಗಳು ಬೇಕು, ಅಷ್ಟು ದಿನ ಸ್ಕೋರ್ ಇನ್ನೂ ಕೆಡುತ್ತದೆ. ಅದನ್ನು ತಡೆಯುವ ಬಿಡುವು ಈಗ ಅವಳಿಗಿಲ್ಲ. ಕೋಚ್ ಜೊತೆ ಜಗಳ ಬೇಡ, ನೋಟ್‌ಬುಕ್ ಮುಂದಿಟ್ಟು ಮಾತಾಡಿ.

ಇನ್ನು ಆಸಕ್ತಿಯ ವಿಷಯ. ನಿಮ್ಮ ಪತ್ರದಲ್ಲಿ ಕೋಚ್ ಹೇಳಿದ್ದು ಇದೆ, ನೀವು ಅಂದುಕೊಂಡದ್ದು ಇದೆ. ಅವಳು ಏನು ಹೇಳಿದಳು ಅನ್ನುವುದು ಎಲ್ಲೂ ಇಲ್ಲ. ಸ್ಕೋರ್ ಎಷ್ಟಾಯಿತು ಅಂತ ಕೇಳದೆ, ಇವತ್ತು ಯಾವ ಹೊಡೆತ ಖುಷಿ ಕೊಟ್ಟಿತು ಅಂತ ಒಂದು ಭಾನುವಾರ ಕೇಳಿ ನೋಡಿ. ಉತ್ತರ ಬಂದರೆ ನನಗೂ ಬರೆಯಿರಿ. ಜನವರಿಯಲ್ಲಿ ನೆಲ ಒಣಗಿರುತ್ತದೆ. ಆಗಿನ ಮೊದಲ ಐದು ರೌಂಡಿನ ಪುಟಗಳನ್ನು ಅವಳೇ ಕಳಿಸಲಿ. ನಾನು ಕೂತು ನೋಡುತ್ತೇನೆ.